ಸಣ್ಣ ಉದ್ಯಮದ ಆನ್‌ಲೈನ್ ಮಾರ್ಕೆಟಿಂಗ್: ಕೊನೆಯ ಮೆಟ್ಟಿಲಿನಿಂದ ಹಿಂದಕ್ಕೆ ಕಟ್ಟುವ ಕ್ರಮ

“ಜಾಹೀರಾತಿಗೆ ಹಣ ಹಾಕಿದೆವು, ಲೈಕುಗಳು ಬಂದವು, ವ್ಯಾಪಾರ ಮಾತ್ರ ಆಗಲಿಲ್ಲ” ಎಂಬ ದೂರು ಸಣ್ಣ ಉದ್ಯಮ ನಡೆಸುವ ಓದುಗರಿಂದ ಪದೇ ಪದೇ ಬರುತ್ತಿದೆ. ಅವರು ಏನೇನು ಮಾಡಿದರೆಂದು ವಿಚಾರಿಸಿದಾಗ, ತಪ್ಪು ಕೆಲಸಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಅವುಗಳ ಕ್ರಮದಲ್ಲಿರುವುದು ಕಾಣುತ್ತದೆ. ಗ್ರಾಹಕರು ಮೊದಲು ಜಾಹೀರಾತನ್ನು ನೋಡುತ್ತಾರೆ, ಆಮೇಲೆ ಪುಟಕ್ಕೆ ಬರುತ್ತಾರೆ, ಕೊನೆಗೆ ವಿಚಾರಿಸುತ್ತಾರೆ. ಆದರೆ ನೀವು ಸಿದ್ಧಪಡಿಸಿಕೊಳ್ಳಬೇಕಾದದ್ದು ಮೊದಲು ವಿಚಾರಣೆಗೆ ಕೊಡುವ ಉತ್ತರವನ್ನು, ಆಮೇಲೆ ಪುಟವನ್ನು, ಎಲ್ಲಕ್ಕೂ ಕೊನೆಯಲ್ಲಿ ಜಾಹೀರಾತನ್ನು. ಕೆಳಗಿನ ಹಂತಗಳು ಆ ಕ್ರಮದಲ್ಲೇ ಇವೆ. ಈಗಾಗಲೇ ಜಾಹೀರಾತು ಓಡುತ್ತಿದ್ದರೆ ಅದನ್ನು ಸದ್ಯಕ್ಕೆ ನಿಲ್ಲಿಸಿ, ಆದರೆ ಅಳಿಸಬೇಡಿ. ಅದರ ಹಳೆಯ ಅಂಕಿಗಳು 2ನೆಯ ಹಂತದ ಲೆಕ್ಕಕ್ಕೆ ಬೇಕಾಗುತ್ತವೆ.

## ಮೊದಲು ಕೈಯಲ್ಲಿರಬೇಕಾದವು

ಉದ್ಯಮದ ಹೆಸರಿನಲ್ಲೇ ತೆರೆದ ಒಂದು ಇಮೇಲ್ ಖಾತೆ, ಮನೆಯ ಬಳಕೆಗಲ್ಲದೆ ವ್ಯಾಪಾರಕ್ಕೇ ಮೀಸಲಾದ ಒಂದು ಫೋನ್ ಸಂಖ್ಯೆ, ಸ್ಮಾರ್ಟ್‌ಫೋನ್, ಒಂದು ಸ್ಪ್ರೆಡ್‌ಶೀಟ್ ಅಥವಾ ಗೀಟೆಳೆದ ನೋಟ್‌ಬುಕ್, ಮತ್ತು ನೀವು ಮಾರುವ ವಸ್ತುವಿನ ಅಥವಾ ಮಾಡುವ ಕೆಲಸದ ಒಂದಿಷ್ಟು ಸ್ವಂತ ಫೋಟೋಗಳು ಇದ್ದರೆ ಸಾಕು. ಫೋಟೋಗಳನ್ನು ಹಗಲು ಬೆಳಕಿನಲ್ಲಿ ತೆಗೆಯಿರಿ. ಅಂತರ್ಜಾಲದಿಂದ ಎತ್ತಿಕೊಂಡ ಚಿತ್ರಗಳನ್ನು ಬಳಸಬೇಡಿ, ಏಕೆಂದರೆ ಅದೇ ಚಿತ್ರವನ್ನು ಬೇರೆಡೆ ಕಂಡ ಗ್ರಾಹಕರಿಗೆ ನಿಮ್ಮ ಮೇಲಿನ ನಂಬಿಕೆ ಅಲ್ಲಿಗೇ ಹೋಗುತ್ತದೆ. ತಿಂಗಳ ಶುಲ್ಕ ಕೇಳುವ ಯಾವ ಸಾಫ್ಟ್‌ವೇರೂ ಆರಂಭದಲ್ಲಿ ಅಗತ್ಯವಿಲ್ಲ.

## ಹಂತ 1: ಖಾತೆಗಳ ಒಡೆತನ

ಡೊಮೇನ್ ಹೆಸರು (ನಿಮ್ಮ ವೆಬ್‌ಸೈಟ್‌ನ ವಿಳಾಸ), ಗೂಗಲ್ ಖಾತೆ, ಫೇಸ್‌ಬುಕ್ ಪುಟ, ಇನ್‌ಸ್ಟಾಗ್ರಾಂ, ಜಾಹೀರಾತು ಖಾತೆ ಇವೆಲ್ಲವೂ ಉದ್ಯಮದ ಇಮೇಲ್‌ನಲ್ಲೇ ನೋಂದಣಿಯಾಗಿರಬೇಕು. ವೆಬ್‌ಸೈಟ್ ಮಾಡಿಕೊಟ್ಟವರ ಅಥವಾ ನೆಂಟರ ಮಗನ ಇಮೇಲ್‌ನಲ್ಲಿ ಡೊಮೇನ್ ನೋಂದಾಯಿಸಿದ್ದರೆ, ನವೀಕರಣದ ದಿನ ಬಂದಾಗ ಅದರ ಸೂಚನೆ ನಿಮಗೆ ತಲುಪುವುದೇ ಇಲ್ಲ. ಡೊಮೇನ್‌ಗೆ ಸ್ವಯಂ ನವೀಕರಣವನ್ನೂ ಪ್ರತಿಯೊಂದು ಖಾತೆಗೆ ಎರಡು ಹಂತದ ದೃಢೀಕರಣವನ್ನೂ ಹಾಕಿಸಿ, ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ.

ಬೇರೆಯವರ ಸಹಾಯ ಬೇಕಾದಾಗ ಪಾಸ್‌ವರ್ಡ್ ಕೊಡಬಾರದು. ಗೂಗಲ್ ಮತ್ತು ಫೇಸ್‌ಬುಕ್ ಎರಡರಲ್ಲೂ ಇನ್ನೊಬ್ಬರನ್ನು ಅವರದೇ ಖಾತೆಯ ಮೂಲಕ ಸೀಮಿತ ಅಧಿಕಾರದೊಂದಿಗೆ ಸೇರಿಸಿಕೊಳ್ಳುವ ಸೌಲಭ್ಯವಿದೆ. ಕೆಲಸ ಮುಗಿದ ಮೇಲೆ ಅವರ ಹೆಸರನ್ನು ತೆಗೆದರಾಯಿತು. ನಿಮ್ಮ ಖಾತೆಗೆ ನಿಮಗೇ ಪೂರ್ಣ ಪ್ರವೇಶ ಕೊಡಲು ಹಿಂದೆಮುಂದೆ ನೋಡುವ ಏಜೆನ್ಸಿಯೊಂದಿಗೆ, ಹಾಗೆಯೇ ಗೂಗಲ್‌ನಲ್ಲಿ ಮೊದಲ ಸ್ಥಾನ ಖಚಿತವೆಂದು ಭರವಸೆ ಕೊಡುವವರೊಂದಿಗೆ ವ್ಯವಹಾರ ಬೇಡ. ಹುಡುಕಾಟದ ಸಹಜ ಫಲಿತಾಂಶದಲ್ಲಿ ಸ್ಥಾನವನ್ನು ಹಣ ಕೊಟ್ಟು ಕೊಳ್ಳಲಾಗದು.

## ಹಂತ 2: ಒಂದು ಕ್ಲಿಕ್ಕಿಗೆ ಎಷ್ಟು ಕೊಡಬಹುದು ಎಂಬ ಲೆಕ್ಕ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಮತ್ತು ಮುಂದಿನ ಎಲ್ಲ ತೀರ್ಮಾನಗಳೂ ನಿಂತಿರುವುದು ಇದರ ಮೇಲೆಯೇ. ಮಾರುವ ಎಲ್ಲ ವಸ್ತುಗಳನ್ನೂ ಒಟ್ಟಿಗೆ ಪ್ರಚಾರ ಮಾಡಲು ಹೋಗದೆ, ಲಾಭ ಚೆನ್ನಾಗಿರುವ ಒಂದೇ ವಸ್ತುವನ್ನು ಅಥವಾ ಸೇವೆಯನ್ನು ಆರಿಸಿಕೊಳ್ಳಿ.

ಒಂದು ಮಾರಾಟದಲ್ಲಿ ಸರಕಿನ ಬೆಲೆ, ಪ್ಯಾಕಿಂಗ್, ಸಾಗಣೆ, ಪಾವತಿ ಶುಲ್ಕ ಎಲ್ಲವನ್ನೂ ಕಳೆದು 1,000 ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ 300ನ್ನು ಗ್ರಾಹಕರನ್ನು ತರುವ ಖರ್ಚಿಗೆ ಬಿಟ್ಟುಕೊಡಲು ನೀವು ಸಿದ್ಧ. ವಿಚಾರಿಸುವ 5 ಜನರಲ್ಲಿ 1ರಂತೆ ಕೊಳ್ಳುತ್ತಿದ್ದರೆ, ಒಂದು ವಿಚಾರಣೆಗೆ ನೀವು ಕೊಡಬಹುದಾದದ್ದು 60. ಪುಟಕ್ಕೆ ಬರುವ 20 ಜನರಲ್ಲಿ 1ರಂತೆ ವಿಚಾರಿಸುತ್ತಿದ್ದರೆ, ಒಂದು ಕ್ಲಿಕ್ಕಿಗೆ ಕೊಡಬಹುದಾದದ್ದು ಕೇವಲ 3. ನಿಮ್ಮ ಕ್ಷೇತ್ರದಲ್ಲಿ ಒಂದು ಕ್ಲಿಕ್ಕಿನ ಬೆಲೆ 10 ಇದ್ದರೆ, ಜಾಹೀರಾತು ಎಷ್ಟೇ ಚೆಂದವಾಗಿದ್ದರೂ ಪ್ರತಿ ಮಾರಾಟದಲ್ಲಿ ಉಳಿಯುವ 1,000 ಪೂರ್ತಿ ಕ್ಲಿಕ್ಕುಗಳಿಗೇ ಹೋಗುತ್ತದೆ.

ಈಗ ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿ. ಉತ್ತರಿಸುವ ಕ್ರಮ ಸುಧಾರಿಸಿ 5ರಲ್ಲಿ 2 ಜನ ಕೊಳ್ಳುವಂತಾದರೆ ಕ್ಲಿಕ್ಕಿಗೆ 6 ಕೊಡಬಹುದು. ಪುಟವೂ ಸುಧಾರಿಸಿ 20ರ ಬದಲು 10ರಲ್ಲಿ 1 ಜನ ವಿಚಾರಿಸಿದರೆ 12 ಕೊಡಬಹುದು. ಮೊದಲು ಕೈಗೆಟುಕದಿದ್ದ 10ರ ಕ್ಲಿಕ್ಕು ಈಗ ಲಾಭದ್ದಾಗುತ್ತದೆ, ಅದೂ ಜಾಹೀರಾತನ್ನು ಮುಟ್ಟದೆಯೇ. ಉತ್ತರ ಮತ್ತು ಪುಟಗಳನ್ನು ಮೊದಲು ಸರಿಪಡಿಸಬೇಕೆಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಈ ಲೆಕ್ಕವೇ. ನಿಮ್ಮ ಬಳಿ ಹಳೆಯ ಅಂಕಿಗಳಿಲ್ಲದಿದ್ದರೆ ಕಳೆದ ತಿಂಗಳು ವಿಚಾರಿಸಿದವರನ್ನೂ ಕೊಂಡವರನ್ನೂ ಫೋನಿನ ಕರೆ ಮತ್ತು ಚಾಟ್ ಪಟ್ಟಿಯಿಂದ ಎಣಿಸಿಕೊಳ್ಳಿ. ಅಂದಾಜು ಒರಟಾಗಿದ್ದರೂ ಪರವಾಗಿಲ್ಲ, ಬರೆದಿಟ್ಟಿರಬೇಕು.

## ಹಂತ 3: ವಿಚಾರಣೆಗೆ ಉತ್ತರಿಸುವ ವ್ಯವಸ್ಥೆ

ವಿಚಾರಣೆಗಳು ಕರೆ, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸಂದೇಶ, ಫೇಸ್‌ಬುಕ್ ಕಾಮೆಂಟ್ ಹೀಗೆ ನಾಲ್ಕು ಕಡೆಯಿಂದ ಬರುತ್ತವೆ. ಒಬ್ಬಿಬ್ಬರೇ ಇರುವ ಉದ್ಯಮದಲ್ಲಿ ಎಲ್ಲವನ್ನೂ ಗಮನಿಸುವುದು ಸಾಧ್ಯವಿಲ್ಲದ ಕಾರಣ ಅವೆಲ್ಲವನ್ನೂ ಒಂದೇ ಕಡೆಗೆ ತಿರುಗಿಸಬೇಕು. ವಾಟ್ಸ್‌ಆ್ಯಪ್ ಬಿಸಿನೆಸ್ ಈ ಕೆಲಸಕ್ಕೆ ಸಾಕಾಗುತ್ತದೆ. ಅದರಲ್ಲಿ ಮೊದಲು ಕ್ಯಾಟಲಾಗ್ ತುಂಬಿಸಿ, ಆಮೇಲೆ ಕೆಲಸದ ವೇಳೆಯ ಹೊರಗೆ ತಾನಾಗಿ ಹೋಗುವ ಸಂದೇಶವನ್ನು ಬರೆಯಿರಿ. “ಶೀಘ್ರದಲ್ಲೇ ಸಂಪರ್ಕಿಸುತ್ತೇವೆ” ಎನ್ನುವ ಬದಲು ಮರಳಿ ಯಾವ ಹೊತ್ತಿಗೆ ಉತ್ತರ ಸಿಗುತ್ತದೆಂದು ಸ್ಪಷ್ಟವಾಗಿ ತಿಳಿಸಿ. ಪದೇ ಪದೇ ಬರುವ ಪ್ರಶ್ನೆಗಳಿಗೆ ಕ್ವಿಕ್ ರಿಪ್ಲೈಗಳನ್ನು, ಅಂದರೆ ಮೊದಲೇ ಬರೆದಿಟ್ಟ ಉತ್ತರಗಳನ್ನು, ಸಿದ್ಧಪಡಿಸಿ, ಮತ್ತು ಹೊಸ ವಿಚಾರಣೆ, ಬೆಲೆ ತಿಳಿಸಿದೆ, ಹಣ ಬಂದಿದೆ, ತಲುಪಿಸಿದೆ ಎಂಬ ನಾಲ್ಕು ಲೇಬಲ್‌ಗಳನ್ನು ಮಾಡಿಟ್ಟುಕೊಳ್ಳಿ.

ಉತ್ತರದಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಬೆಲೆ ಕೇಳಿದವರಿಗೆ ಬೆಲೆ ಹೇಳದಿರುವುದು. “ಕರೆ ಮಾಡಿ”, “ಮೆಸೇಜ್ ಮಾಡಿ” ಎಂಬ ಉತ್ತರಗಳಿಂದ ಗ್ರಾಹಕರು ಬೇಸತ್ತು ಪಕ್ಕದ ಪುಟಕ್ಕೆ ಹೋಗುತ್ತಾರೆ. ಬೆಲೆ ಕೆಲಸದ ಮೇಲೆ ನಿರ್ಧಾರವಾಗುವಂತಿದ್ದರೆ, ಕನಿಷ್ಠ ಎಷ್ಟರಿಂದ ಆರಂಭವಾಗುತ್ತದೆ ಮತ್ತು ಯಾವ ಕಾರಣಕ್ಕೆ ಏರುತ್ತದೆ ಎಂಬೆರಡನ್ನು ತಿಳಿಸಿ, ಕೊನೆಯಲ್ಲಿ ಒಂದೇ ಒಂದು ಪ್ರಶ್ನೆಯನ್ನು ಕೇಳಿ.

ಒಂದೇ ಸಂದೇಶವನ್ನು ಹಲವರಿಗೆ ಒಮ್ಮೆಗೇ ಕಳಿಸುವ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯ ವಿಷಯದಲ್ಲಿಯೂ ಎಚ್ಚರ ಬೇಕು. ಆ ಸಂದೇಶಗಳು ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತವೆ. ಎಲ್ಲಿಂದಲೋ ಕೊಂಡ ಸಂಖ್ಯೆಗಳಿಗೆ ಒಂದೊಂದಾಗಿ ಕಳಿಸಲು ಹೊರಟರೆ ಜನ ದೂರು ಒತ್ತುತ್ತಾರೆ, ದೂರುಗಳು ಹೆಚ್ಚಾದರೆ ಸಂಖ್ಯೆಯೇ ನಿಷೇಧಕ್ಕೆ ಒಳಗಾಗುತ್ತದೆ, ಮತ್ತು ಅದರೊಂದಿಗೆ ನಿಜವಾದ ಗ್ರಾಹಕರ ಸಂಪರ್ಕವೂ ಕಡಿದುಹೋಗುತ್ತದೆ.

## ಹಂತ 4: ಗೂಗಲ್ ಬಿಸಿನೆಸ್ ಪ್ರೊಫೈಲ್

ಗ್ರಾಹಕರು ನಿಮ್ಮ ಜಾಗಕ್ಕೆ ಬರುವುದಿದ್ದರೆ ಅಥವಾ ನೀವು ಅವರಲ್ಲಿಗೆ ಹೋಗಿ ಸೇವೆ ಕೊಡುವುದಿದ್ದರೆ, ಖರ್ಚಿಲ್ಲದೆ ಹೆಚ್ಚಿನ ಪ್ರಯೋಜನ ಕೊಡುವುದು ಗೂಗಲ್ ಹುಡುಕಾಟ ಮತ್ತು ಮ್ಯಾಪ್ಸ್‌ನಲ್ಲಿ ನಿಮ್ಮ ಉದ್ಯಮದ ವಿವರ ತೋರಿಸುವ ಈ ಪ್ರೊಫೈಲ್. ಕೇವಲ ಆನ್‌ಲೈನ್‌ನಲ್ಲಿ ಮಾರುವ, ಗ್ರಾಹಕರನ್ನು ಮುಖತಃ ಕಾಣದ ಉದ್ಯಮಕ್ಕೆ ಇದು ಅನ್ವಯಿಸುವುದಿಲ್ಲ; ಅಂಥವರು ನೇರವಾಗಿ 5ನೆಯ ಹಂತಕ್ಕೆ ಹೋಗಬಹುದು.

ಮೊದಲು ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಉದ್ಯಮದ ಹೆಸರನ್ನು ಹುಡುಕಿ. ಯಾರೋ ಈಗಾಗಲೇ ಸೇರಿಸಿದ್ದರೆ ಅದರ ಒಡೆತನವನ್ನು ಕೋರಿ ಪಡೆಯಬೇಕೇ ಹೊರತು ಎರಡನೆಯದನ್ನು ತೆರೆಯಬಾರದು. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರನ್ನು ಮಾತ್ರ ಬರೆಯಿರಿ. ಹೆಸರಿಗೆ “ಅತ್ಯುತ್ತಮ”, “ಕಡಿಮೆ ದರ” ಮುಂತಾದ ಪದಗಳನ್ನೋ ಬಡಾವಣೆಯ ಹೆಸರನ್ನೋ ಅಂಟಿಸುವುದು ನಿಯಮಕ್ಕೆ ವಿರುದ್ಧ, ಮತ್ತು ಪ್ರೊಫೈಲ್ ಅಮಾನತಾಗಲು ಅದೊಂದೇ ಸಾಕು. ಅಮಾನತಾದಾಗ ಗಾಬರಿಯಿಂದ ಹೊಸ ಪ್ರೊಫೈಲ್ ತೆರೆಯಬೇಡಿ. ತಪ್ಪನ್ನು ಸರಿಪಡಿಸಿ, ದಾಖಲೆಗಳೊಂದಿಗೆ ಮೇಲ್ಮನವಿ ಸಲ್ಲಿಸಿ.

ಪ್ರಧಾನ ವರ್ಗದ ಆಯ್ಕೆಯಲ್ಲಿ ಸಮಯ ಕೊಟ್ಟು ಯೋಚಿಸಿ, ಏಕೆಂದರೆ ಯಾವ ಹುಡುಕಾಟಕ್ಕೆ ನೀವು ಹೊಂದುತ್ತೀರಿ ಎಂಬುದನ್ನು ಗೂಗಲ್ ಬಹುಮಟ್ಟಿಗೆ ಅದರಿಂದಲೇ ಅರಿಯುತ್ತದೆ. ವಿಶಾಲವಾದ ವರ್ಗಕ್ಕಿಂತ ನಿಮ್ಮ ಮುಖ್ಯ ಕೆಲಸವನ್ನು ನಿಖರವಾಗಿ ಹೇಳುವ ವರ್ಗ ಮೇಲು; ಉಳಿದ ಕೆಲಸಗಳನ್ನು ಹೆಚ್ಚುವರಿ ವರ್ಗಗಳಲ್ಲಿ ಸೇರಿಸಬಹುದು. ಗ್ರಾಹಕರು ನಿಮ್ಮ ಜಾಗಕ್ಕೆ ಬಾರದಿದ್ದರೆ ವಿಳಾಸವನ್ನು ಮರೆಮಾಡಿ ಸೇವಾ ಪ್ರದೇಶಗಳನ್ನು ನಮೂದಿಸಿ. ಆಮೇಲೆ ಬರುವುದು ದೃಢೀಕರಣ. ಇದನ್ನು ಹಲವರಿಗೆ ವಿಡಿಯೊ ಮೂಲಕ ಕೇಳಲಾಗುತ್ತದೆ. ಬೀದಿ ಮತ್ತು ಬೋರ್ಡು, ಒಳಗಿನ ಸಲಕರಣೆ, ಬೀಗ ತೆರೆಯುವುದು ಅಥವಾ ಬಿಲ್ಲಿಂಗ್ ಯಂತ್ರ ಬಳಸುವುದರಂತಹ ನಿಮ್ಮ ಅಧಿಕಾರ ತೋರಿಸುವ ಕೆಲಸ, ಈ ಮೂರೂ ಕತ್ತರಿಸದ ಒಂದೇ ಚಿತ್ರೀಕರಣದಲ್ಲಿ ಬರಬೇಕು. ದೃಢೀಕರಣ ಮುಗಿಯುವವರೆಗೆ ಹೆಸರು, ವಿಳಾಸಗಳನ್ನು ತಿದ್ದಲು ಹೋಗಬೇಡಿ.

ಸ್ಥಳೀಯ ಫಲಿತಾಂಶಗಳಲ್ಲಿ ಯಾರು ಮೇಲೆ ಬರುತ್ತಾರೆಂಬುದನ್ನು ಗೂಗಲ್ ಮೂರು ಅಂಶಗಳಿಂದ ನಿರ್ಧರಿಸುತ್ತದೆ: ಹುಡುಕಾಟಕ್ಕೆ ಹೊಂದಿಕೆ, ಹುಡುಕುವವರಿಂದ ಇರುವ ದೂರ, ಮತ್ತು ಉದ್ಯಮಕ್ಕಿರುವ ಹೆಸರು. ದೂರ ನಿಮ್ಮ ಕೈಯಲ್ಲಿಲ್ಲ. ಹೆಸರನ್ನು ಬೆಳೆಸುವುದರಲ್ಲಿ ವಿಮರ್ಶೆಗಳ ಪಾತ್ರ ದೊಡ್ಡದು. ಕೆಲಸ ಮುಗಿದ ದಿನವೇ, ಪ್ರೊಫೈಲ್‌ನಲ್ಲಿ ಸಿಗುವ ವಿಮರ್ಶೆಯ ಲಿಂಕನ್ನು ಪ್ರತಿಯೊಬ್ಬ ಗ್ರಾಹಕರಿಗೂ ಕಳಿಸುವ ಅಭ್ಯಾಸ ಇಟ್ಟುಕೊಳ್ಳಿ. ವಿಮರ್ಶೆಗೆ ಪ್ರತಿಯಾಗಿ ರಿಯಾಯಿತಿ ಅಥವಾ ಉಡುಗೊರೆ ಕೊಡುವುದೂ, ಮೆಚ್ಚಿದವರನ್ನು ಮಾತ್ರ ಆರಿಸಿ ಕೇಳುವುದೂ ನಿಷಿದ್ಧ. ಕೆಟ್ಟ ವಿಮರ್ಶೆಗೆ ಉತ್ತರಿಸುವಾಗ, ನಿಮ್ಮ ಉತ್ತರವನ್ನು ಓದುವವರು ಆ ಒಬ್ಬ ಗ್ರಾಹಕರಲ್ಲ, ಮುಂದೆ ಬರಲಿರುವ ನೂರಾರು ಜನ ಎಂಬುದು ನೆನಪಿರಲಿ; ಎರಡು ಮೂರು ವಾಕ್ಯಗಳಲ್ಲಿ ಏನಾಯಿತು, ಏನು ಮಾಡುತ್ತೀರಿ ಎಂದಷ್ಟೇ ಬರೆದು ನಿಲ್ಲಿಸಿ.

## ಹಂತ 5: ಗ್ರಾಹಕರು ಬಂದಿಳಿಯುವ ಪುಟ

ಬಿಸಿನೆಸ್ ಪ್ರೊಫೈಲ್‌ನ ಮೂಲಕ ಉಚಿತವಾಗಿ ಮಾಡಿಕೊಳ್ಳಬಹುದಾಗಿದ್ದ ವೆಬ್‌ಸೈಟ್‌ಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಅವುಗಳನ್ನೇ ನೆಚ್ಚಿಕೊಂಡಿದ್ದವರು ಬೇರೆ ಪುಟ ಕಟ್ಟಿಕೊಳ್ಳಬೇಕಾಯಿತು. ಆದ್ದರಿಂದ ಸ್ವಂತ ಡೊಮೇನ್‌ನಲ್ಲಿ ಒಂದೇ ಪುಟವಾದರೂ ಇರಲಿ.

ಪುಟ ತೆರೆದಾಗ ಮೊಬೈಲ್ ಪರದೆಯ ಮೊದಲ ನೋಟದಲ್ಲೇ ನೀವು ಏನು ಕೊಡುತ್ತೀರಿ, ಯಾರಿಗೆ, ಎಲ್ಲೆಲ್ಲಿ ಮತ್ತು ಎಷ್ಟರಿಂದ ಎಂಬ ನಾಲ್ಕು ವಿಷಯಗಳೂ ಒಂದು ಗುಂಡಿಯೂ ಕಾಣಬೇಕು. ಗುಂಡಿ ಒಂದೇ ಇರಲಿ, ಅದು 3ನೆಯ ಹಂತದಲ್ಲಿ ಸಿದ್ಧಪಡಿಸಿದ ವಾಟ್ಸ್‌ಆ್ಯಪ್ ಅಥವಾ ಕರೆಗೆ ನೇರವಾಗಿ ಹೋಗಲಿ. ಸ್ವಾಗತದ ದೊಡ್ಡ ಬ್ಯಾನರು, ತಿರುಗುತ್ತಿರುವ ಚಿತ್ರಗಳು, “ನಮ್ಮ ಧ್ಯೇಯ” ಎಂಬ ಪ್ಯಾರಾಗಳನ್ನು ಯಾರೂ ಕೇಳಿಲ್ಲ. ವಿವರಗಳನ್ನು ಚಿತ್ರದೊಳಗೆ ಬರೆಸಬೇಡಿ. ಪಠ್ಯವಾಗಿಯೇ ಇದ್ದರೆ ಹುಡುಕಾಟಕ್ಕೂ ಸಿಗುತ್ತದೆ, ಚಿಕ್ಕ ಪರದೆಯಲ್ಲಿ ಓದಲೂ ಬರುತ್ತದೆ.

ವೇಗವನ್ನು ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಗೂಗಲ್‌ನ ಉಚಿತ ಸಾಧನದಲ್ಲಿ ಪರೀಕ್ಷಿಸಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬುದು ಗೂಗಲ್‌ನ ಮಾನದಂಡ. ಸಣ್ಣ ಉದ್ಯಮಗಳ ಪುಟ ನಿಧಾನವಾಗಲು ಸಾಮಾನ್ಯ ಕಾರಣ ಫೋನಿನಿಂದ ಹಾಗೆಯೇ ಏರಿಸಿದ ದೊಡ್ಡ ಫೋಟೋಗಳು; ಅವುಗಳ ಅಳತೆ ಕುಗ್ಗಿಸಿ ವೆಬ್‌ಪಿ ಎಂಬ ಹಗುರವಾದ ಚಿತ್ರರೂಪದಲ್ಲಿ ಹಾಕಿದರೆ ಸಮಸ್ಯೆ ಬಹುಪಾಲು ಪರಿಹಾರವಾಗುತ್ತದೆ.

ಕೊನೆಯದಾಗಿ ಪುಟವನ್ನು, ಗೂಗಲ್ ಹುಡುಕಾಟದಲ್ಲಿ ಅದರ ಸ್ಥಿತಿಯನ್ನು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ಗೆ ಸೇರಿಸಿ, ಅದು ಹುಡುಕಾಟದ ಸೂಚಿಯಲ್ಲಿ ಸೇರಿದೆಯೇ ಎಂದು ನೋಡಿ. ವೆಬ್‌ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್‌ನಲ್ಲಿ ಹುಡುಕಾಟ ಯಂತ್ರಗಳನ್ನು ದೂರವಿಡುವ ಒಂದು ಆಯ್ಕೆಯಿದೆ. ಪುಟ ಕಟ್ಟುವಾಗ ಅದಕ್ಕೆ ಟಿಕ್ ಹಾಕಿ ಆಮೇಲೆ ತೆಗೆಯಲು ಮರೆತವರು ಅನೇಕರು, ಮತ್ತು ಪುಟ ಯಾಕೆ ಕಾಣುತ್ತಿಲ್ಲವೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಅವರೇ.

## ಹಂತ 6: ಅಳತೆಯ ಏರ್ಪಾಡು

ಪುಟಕ್ಕೆ ಎಷ್ಟು ಜನ, ಎಲ್ಲಿಂದ ಬಂದರೆಂದು ಎಣಿಸುವ ಗೂಗಲ್ ಅನಾಲಿಟಿಕ್ಸ್ 4ನ್ನು ಪುಟಕ್ಕೆ ಜೋಡಿಸಿ. ಹಳೆಯ ಯೂನಿವರ್ಸಲ್ ಅನಾಲಿಟಿಕ್ಸ್ 2023ರ ಜುಲೈ 1ರಿಂದ ಹೊಸ ಮಾಹಿತಿ ಸಂಗ್ರಹಿಸುವುದನ್ನು ನಿಲ್ಲಿಸಿರುವುದರಿಂದ ಅದನ್ನು ಕಲಿಸುವ ಪಾಠಗಳನ್ನು ಬಿಟ್ಟುಬಿಡಿ. ವಾಟ್ಸ್‌ಆ್ಯಪ್ ಗುಂಡಿ ಮತ್ತು ಕರೆಯ ಗುಂಡಿ ಒತ್ತಿದ್ದನ್ನು ಅದರಲ್ಲಿ ಕೀ ಇವೆಂಟ್‌ಗಳೆಂದು, ಅಂದರೆ ನಿಮಗೆ ಮುಖ್ಯವಾದ ಕ್ರಿಯೆಗಳೆಂದು, ಗುರುತಿಸಿ. ಬೇರೆ ಬೇರೆ ಕಡೆ ಹಂಚುವ ಲಿಂಕುಗಳ ಕೊನೆಗೆ ಮೂಲ, ಮಾಧ್ಯಮ, ಅಭಿಯಾನ ಎಂಬ ಮೂರು ಯುಟಿಎಂ ಗುರುತುಗಳನ್ನು (ಗ್ರಾಹಕರು ಎಲ್ಲಿಂದ ಬಂದರೆಂದು ಅನಾಲಿಟಿಕ್ಸ್‌ಗೆ ತಿಳಿಸುವ ಪದಗಳನ್ನು) ಸೇರಿಸಿ. ಅನಾಲಿಟಿಕ್ಸ್ ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳನ್ನು ಬೇರೆ ಬೇರೆಯಾಗಿ ಎಣಿಸುವುದರಿಂದ ಯಾವಾಗಲೂ ಸಣ್ಣಕ್ಷರಗಳನ್ನೇ ಬಳಸಿ. ನಿಮ್ಮದೇ ಪುಟದೊಳಗಿನ ಲಿಂಕುಗಳಿಗೆ ಈ ಗುರುತು ಹಾಕಿದರೆ ಗ್ರಾಹಕರು ಮೂಲದಲ್ಲಿ ಎಲ್ಲಿಂದ ಬಂದರೆಂಬ ಮಾಹಿತಿ ಗೊಂದಲವಾಗುತ್ತದೆ.

ಗುಂಡಿ ಒತ್ತಿದವರು ಕೊಂಡರೋ ಇಲ್ಲವೋ ಅನಾಲಿಟಿಕ್ಸ್‌ಗೆ ತಿಳಿಯದು. ಅದಕ್ಕೆ ನೋಟ್‌ಬುಕ್ಕೇ ಬೇಕು: ದಿನಾಂಕ, ಎಲ್ಲಿಂದ ಬಂದರು, ಏನು ಕೇಳಿದರು, ಕೊಂಡರೇ, ಕೊಳ್ಳದಿದ್ದರೆ ಯಾಕೆ. ಒಂದು ಸುಲಭ ಉಪಾಯವೂ ಇದೆ. ವಾಟ್ಸ್‌ಆ್ಯಪ್ ಲಿಂಕಿನಲ್ಲಿ ಮೊದಲೇ ಬರೆದ ಸಂದೇಶವನ್ನು ಇಡಬಹುದಾದ್ದರಿಂದ, ಜಾಹೀರಾತಿನ ಪುಟಕ್ಕೆ ಒಂದು ವಾಕ್ಯ, ಇನ್‌ಸ್ಟಾಗ್ರಾಂಗೆ ಇನ್ನೊಂದು ವಾಕ್ಯ ಇಟ್ಟರೆ ಬಂದ ಸಂದೇಶವೇ ತನ್ನ ಮೂಲವನ್ನು ಹೇಳುತ್ತದೆ.

## ಹಂತ 7: ಪೋಸ್ಟುಗಳು ಮತ್ತು ಇಮೇಲ್

ಇದರಲ್ಲಿ ಹೆಚ್ಚು ಹೇಳಲು ಏನಿಲ್ಲ. ನಿಮ್ಮ ಗ್ರಾಹಕರು ನಿಜವಾಗಿ ಇರುವ ಒಂದೇ ವೇದಿಕೆಯನ್ನು ಆರಿಸಿ, ನೋಟ್‌ಬುಕ್ಕಿನಲ್ಲಿ ದಾಖಲಾದ ಪ್ರಶ್ನೆಗಳಿಗೆ ಒಂದೊಂದು ಪೋಸ್ಟಿನಲ್ಲಿ ಉತ್ತರಿಸುತ್ತ ಹೋಗಿ. ಹಬ್ಬದ ಶುಭಾಶಯದ ಚಿತ್ರಗಳಿಂದ ವ್ಯಾಪಾರ ಬರುವುದಿಲ್ಲ. ಫಾಲೋವರ್‌ಗಳನ್ನು ಹಣ ಕೊಟ್ಟು ಕೊಂಡರೆ ಆಸಕ್ತಿಯೇ ಇಲ್ಲದ ಖಾತೆಗಳು ತುಂಬಿಕೊಂಡು, ನಿಜವಾದ ಪ್ರತಿಕ್ರಿಯೆ ಎಷ್ಟೆಂಬುದನ್ನು ತಿಳಿಯಲೂ ಆಗುವುದಿಲ್ಲ. ಇಮೇಲ್ ಕಳಿಸುವುದಿದ್ದರೆ ಒಪ್ಪಿಗೆ ಕೊಟ್ಟವರಿಗೆ ಮಾತ್ರ ಕಳಿಸಿ, ಮತ್ತು ಇಮೇಲ್ ನಿಜವಾಗಿ ನಿಮ್ಮ ಡೊಮೇನ್‌ನಿಂದಲೇ ಬಂದಿದೆಯೆಂದು ಪರಿಶೀಲಿಸಲು ನೆರವಾಗುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ದಾಖಲೆಗಳನ್ನು ಡೊಮೇನ್‌ಗೆ ಮೊದಲೇ ಹಾಕಿಸಿ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ.

## ಹಂತ 8: ಜಾಹೀರಾತು

ಜನ ನಿಮ್ಮ ಸೇವೆಯನ್ನು ತಾವಾಗಿಯೇ ಹುಡುಕುತ್ತಾರೆಯೇ, ಇಲ್ಲವೇ ಕಂಡ ಮೇಲೆ ಆಸೆಪಡುತ್ತಾರೆಯೇ ಎಂಬುದನ್ನು ಮೊದಲು ತೀರ್ಮಾನಿಸಿ. ಕೆಟ್ಟುನಿಂತ ವಾಷಿಂಗ್ ಮಷೀನಿಗೆ ಜನ ರಿಪೇರಿಯವರನ್ನು ಹುಡುಕುತ್ತಾರೆ. ಅಲ್ಲಿ ಗೂಗಲ್ ಸರ್ಚ್ ಜಾಹೀರಾತು ಸರಿ. ಕೈಯಿಂದ ಮಾಡಿದ ಕಿವಿಯೋಲೆಯನ್ನು ನೋಡಿದ ಮೇಲೆ ಬೇಕೆನ್ನಿಸುತ್ತದೆ. ಅಲ್ಲಿ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಸರಿ. ಎರಡನ್ನೂ ಒಟ್ಟಿಗೆ ಆರಂಭಿಸಿ ಚಿಕ್ಕ ಮೊತ್ತವನ್ನು ಹರಿದು ಹಂಚಬೇಡಿ.

ಗೂಗಲ್ ಆ್ಯಡ್ಸ್‌ನಲ್ಲಿ ಹಣ ಸೋರುವುದು ಮೊದಲೇ ಟಿಕ್ ಆಗಿ ಬರುವ ಆಯ್ಕೆಗಳ ಮೂಲಕ. ಸರ್ಚ್ ಅಭಿಯಾನ ಮಾಡುವಾಗ, ಬೇರೆ ವೆಬ್‌ಸೈಟ್ ಮತ್ತು ಆ್ಯಪ್‌ಗಳಲ್ಲಿ ಜಾಹೀರಾತು ತೋರಿಸುವ ಡಿಸ್‌ಪ್ಲೇ ನೆಟ್‌ವರ್ಕ್‌ನ ಟಿಕ್ ತೆಗೆಯಿರಿ. ಸ್ಥಳದ ಆಯ್ಕೆಯಲ್ಲಿ, ಆ ಪ್ರದೇಶದ ಬಗ್ಗೆ ಆಸಕ್ತಿ ತೋರಿದ ಎಲ್ಲರಿಗೂ ಎಂಬುದರ ಬದಲು, ಆ ಪ್ರದೇಶದಲ್ಲಿ ಇರುವವರಿಗೆ ಮಾತ್ರ ಎಂಬುದನ್ನು ಆರಿಸಿ. ಗೂಗಲ್‌ನ ಶಿಫಾರಸುಗಳು ತಾವಾಗಿಯೇ ಜಾರಿಯಾಗುವ ಸೌಲಭ್ಯವನ್ನು ನಿಲ್ಲಿಸಿಬಿಡಿ. ಜಾಹೀರಾತಿನ ವೇಳೆಯನ್ನು ನೀವು ಫೋನ್ ಎತ್ತಿಕೊಳ್ಳಬಲ್ಲ ವೇಳೆಗೆ ಮಿತಿಗೊಳಿಸಿ.

ಕೀವರ್ಡ್‌ಗಳೆಂದರೆ ಯಾವ ಹುಡುಕಾಟಗಳಿಗೆ ನಿಮ್ಮ ಜಾಹೀರಾತು ಕಾಣಬೇಕೆಂದು ನೀವು ಕೊಡುವ ಪದಗಳು. ಅವುಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಫ್ರೇಸ್ ಹೊಂದಿಕೆ (ಆ ಅರ್ಥವನ್ನು ಒಳಗೊಂಡ ಹುಡುಕಾಟಗಳು), ಚೌಕಾವರಣದೊಳಗೆ ಹಾಕಿದರೆ ಎಕ್ಸಾಕ್ಟ್ ಹೊಂದಿಕೆ (ಅದೇ ಅರ್ಥದ ಹುಡುಕಾಟಗಳು). ಬರಿದಾಗಿ ಬಿಟ್ಟರೆ ಬ್ರಾಡ್ (ಸಂಬಂಧಪಟ್ಟ ಹುಡುಕಾಟಗಳೆಲ್ಲ). ಆರಂಭದಲ್ಲಿ ಬ್ರಾಡ್ ಬೇಡ. ಜೊತೆಗೆ ನೆಗೆಟಿವ್ ಕೀವರ್ಡ್‌ಗಳ (ಜಾಹೀರಾತು ಕಾಣಬಾರದ ಹುಡುಕಾಟದ ಪದಗಳ) ಪಟ್ಟಿ ಮೊದಲ ದಿನದಿಂದಲೇ ಇರಬೇಕು. ರಿಪೇರಿಯವರಿಗೆ “ಹೇಗೆ”, “ಉಚಿತ”, “ತರಬೇತಿ”, “ಉದ್ಯೋಗ”, “ಬಿಡಿಭಾಗ” ಇಂಥ ಪದಗಳಿಂದ ಬರುವ ಕ್ಲಿಕ್ಕುಗಳು ವ್ಯರ್ಥ. ನೆಗೆಟಿವ್ ಪಟ್ಟಿ ಸಮಾನಾರ್ಥಕ ಪದಗಳನ್ನು ತಾನಾಗಿ ಗ್ರಹಿಸದ ಕಾರಣ ಅವುಗಳನ್ನೂ ಬರೆಯಬೇಕು. ಮೊದಲ ವಾರ ಪ್ರತಿದಿನ ಸರ್ಚ್ ಟರ್ಮ್ಸ್ ವರದಿಯನ್ನು ತೆರೆದು, ಜನ ನಿಜವಾಗಿ ಏನು ಟೈಪ್ ಮಾಡಿದ್ದಾರೆಂದು ಓದಿ. ಈ ಒಂದು ವರದಿ ಕಲಿಸುವಷ್ಟನ್ನು ಯಾವ ಕೋರ್ಸೂ ಕಲಿಸದು ಎಂಬುದು ನನ್ನ ಅಭಿಪ್ರಾಯ.

ಒಂದೊಂದು ದಿನ ನೀವು ಹಾಕಿದ ದಿನದ ಬಜೆಟ್‌ನ ಎರಡು ಪಟ್ಟು ಖರ್ಚಾಗಿರುವುದು ಕಂಡರೆ ಬೆದರಬೇಡಿ. ಗೂಗಲ್ ಹಾಗೆ ಮಾಡುತ್ತದೆ, ಆದರೆ ತಿಂಗಳ ಒಟ್ಟು ಮೊತ್ತ ದಿನದ ಬಜೆಟ್‌ನ 30.4 ಪಟ್ಟನ್ನು ಮೀರುವುದಿಲ್ಲ.

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಪೋಸ್ಟಿನ ಕೆಳಗಿರುವ ಬೂಸ್ಟ್ ಗುಂಡಿಯನ್ನು ಬಿಟ್ಟು ಆ್ಯಡ್ಸ್ ಮ್ಯಾನೇಜರ್‌ಗೆ ಹೋಗಿ. ನೀವು ಯಾವ ಉದ್ದೇಶವನ್ನು ಆರಿಸುತ್ತೀರೋ ಅದನ್ನೇ ಮಾಡುವ ಜನರನ್ನು ಈ ಎರಡರ ಮಾಲೀಕ ಕಂಪನಿಯಾದ ಮೆಟಾ ಹುಡುಕಿಕೊಡುತ್ತದೆ: ಲೈಕ್ ಕೇಳಿದರೆ ಲೈಕ್ ಒತ್ತುವವರನ್ನು, ಸಂದೇಶ ಕೇಳಿದರೆ ಸಂದೇಶ ಕಳಿಸುವವರನ್ನು. ಆರಂಭದ ದೂರಿಗೆ ಅರ್ಧ ಉತ್ತರ ಇಲ್ಲಿಯೇ ಇದೆ. ಒಂದು ಆ್ಯಡ್ ಸೆಟ್ (ಒಂದೇ ಬಜೆಟ್ ಮತ್ತು ಗುರಿಯ ಜನರಿರುವ ಜಾಹೀರಾತುಗಳ ಗುಂಪು), ಯಾರಿಗೆ ತೋರಿಸಿದರೆ ಫಲ ಸಿಗುತ್ತದೆಂದು ಮೆಟಾ ಅರಿಯುವ ಕಲಿಕೆಯ ಹಂತವನ್ನು ದಾಟಲು ವಾರಕ್ಕೆ ಸುಮಾರು 50 ಫಲಿತಾಂಶಗಳು ಬೇಕು, ಮತ್ತು ನಡುವೆ ದೊಡ್ಡ ಬದಲಾವಣೆ ಮಾಡಿದರೆ ಕಲಿಕೆ ಮೊದಲಿನಿಂದ ಆರಂಭವಾಗುತ್ತದೆ. ಹಾಗಾಗಿ ಒಂದೇ ಆ್ಯಡ್ ಸೆಟ್‌ನಲ್ಲಿ ಎರಡು ಮೂರು ಬೇರೆ ಬೇರೆ ಚಿತ್ರಗಳನ್ನಿಟ್ಟು, ದಿನವೂ ತಿದ್ದುವ ಚಟವನ್ನು ಬಿಡಬೇಕು.

ನಿಲ್ಲಿಸುವ ನಿಯಮವನ್ನು ಆರಂಭಿಸುವ ಮುನ್ನವೇ ಬರೆದಿಡಿ. 2ನೆಯ ಹಂತದಲ್ಲಿ ಒಂದು ಮಾರಾಟಕ್ಕೆ ಮೀಸಲಿಟ್ಟ ಮೊತ್ತದ ಮೂರು ಪಟ್ಟು ಖರ್ಚಾದ ಮೇಲೂ ಒಂದು ಮಾರಾಟವೂ ಆಗದಿದ್ದರೆ ನಿಲ್ಲಿಸುವುದು ನಾನು ಸೂಚಿಸುವ ಮಿತಿ. ಅದಕ್ಕೆ ಮೊದಲೇ, ಹತ್ತು ಕ್ಲಿಕ್ಕು ನೋಡಿ ಕೈಬಿಡುವುದೂ ತಪ್ಪು.

## ಹಂತ 9: ವಾರಕ್ಕೊಮ್ಮೆ ಪರಿಶೀಲನೆ

ಅಂಕಿಗಳನ್ನು ಗ್ರಾಹಕರು ಬರುವ ಕ್ರಮದಲ್ಲಿ ಓದಿ, ಎಲ್ಲಿ ಕಡಿದಿದೆಯೋ ಅಲ್ಲಿ ಮಾತ್ರ ಕೈಹಾಕಿ. ಜಾಹೀರಾತು ಕಾಣುತ್ತಿದ್ದು ಕ್ಲಿಕ್ಕು ಬಾರದಿದ್ದರೆ ದೋಷ ಜಾಹೀರಾತಿನ ಮಾತಿನಲ್ಲಿ ಅಥವಾ ಕೀವರ್ಡ್‌ನಲ್ಲಿದೆ. ಕ್ಲಿಕ್ಕು ಬಂದು ವಿಚಾರಣೆ ಬಾರದಿದ್ದರೆ ಪುಟವನ್ನು ನೋಡಿ. ಜಾಹೀರಾತಿನಲ್ಲಿ ಹೇಳಿದ್ದೇ ಪುಟದ ಮೇಲ್ಭಾಗದಲ್ಲಿ ಇದೆಯೇ, ಗುಂಡಿ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಬೇರೊಬ್ಬರ ಫೋನಿನಿಂದ ಪರೀಕ್ಷಿಸಿ. ವಿಚಾರಣೆ ಬಂದು ಮಾರಾಟವಾಗದಿದ್ದರೆ ಕಳೆದ ವಾರದ ಚಾಟ್‌ಗಳನ್ನು ತೆರೆದು, ಎಷ್ಟು ಹೊತ್ತಿಗೆ ಉತ್ತರಿಸಿದಿರಿ, ಬೆಲೆ ಹೇಳಿದ ಮೇಲೆ ಎಷ್ಟು ಜನ ಮೌನವಾದರು ಎಂದು ಎಣಿಸಿ.

ತಕ್ಷಣ ನಿಲ್ಲಿಸಿ ಪರಿಶೀಲಿಸಬೇಕಾದ ಸೂಚನೆಗಳೂ ಇವೆ. ನೀವು ಸೇವೆ ಕೊಡದ ಊರುಗಳಿಂದ ಕ್ಲಿಕ್ಕುಗಳು, ಒಂದೇ ದಿನ ನೂರಾರು ಕ್ಲಿಕ್ಕು ಬಂದು ಒಂದೂ ವಿಚಾರಣೆ ಇಲ್ಲದಿರುವುದು, ನೀವು ಮಾಡದ ಅಭಿಯಾನ ಖಾತೆಯಲ್ಲಿ ಕಾಣುವುದು ಅಂಥವು. “ನಿಮ್ಮ ಪುಟ ನಿಯಮ ಉಲ್ಲಂಘಿಸಿದೆ, 24 ಗಂಟೆಯೊಳಗೆ ಈ ಲಿಂಕ್ ಒತ್ತದಿದ್ದರೆ ಅಳಿಸಲಾಗುವುದು” ಎಂದು ಇನ್‌ಬಾಕ್ಸಿಗೆ ಬರುವ ಸಂದೇಶ ಮೋಸದ್ದು. ನಿಜವಾದ ಎಚ್ಚರಿಕೆ ಇದ್ದರೆ ಅದು ಖಾತೆಯ ಒಳಗೇ ಕಾಣುತ್ತದೆ; ಲಿಂಕನ್ನು ಒತ್ತದೆ, ನೀವೇ ಲಾಗಿನ್ ಆಗಿ ನೋಡಿ.

ಪರಿಶೀಲನೆಯ ನಂತರ ಒಂದು ವಾರಕ್ಕೆ ಒಂದೇ ಬದಲಾವಣೆ ಮಾಡಿ, ಅದರ ದಿನಾಂಕವನ್ನೂ ಕಾರಣವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬೆಲೆ, ಪುಟದ ಚಿತ್ರ ಮತ್ತು ಜಾಹೀರಾತಿನ ಮಾತು ಮೂರನ್ನೂ ಒಂದೇ ವಾರ ಬದಲಿಸಿದರೆ, ಮುಂದಿನ ವಾರ ವಿಚಾರಣೆಗಳು ಹೆಚ್ಚಿದರೂ ಕಡಿಮೆಯಾದರೂ ಅದಕ್ಕೆ ಕಾರಣ ಯಾವುದೆಂದು ಗುರುತಿಸಲು ಸಾಧ್ಯವಾಗುವುದಿಲ್ಲ.